ಏಳೂಕಾಲರ ಆಟ

ನಮ್ಮ ಮನೆಯಲ್ಲಿ ಸಂಜೆಯ ಆಟ ಏಳೂಕಾಲಕ್ಕೆ ಸರಿಯಾಗಿ ಶುರುವಾಗುತ್ತದೆ. ಏಳಕ್ಕೆ ಕಿಟಕಿ ಮುಚ್ಚುತ್ತೇನೆ. ಏಳೂ ಐದಕ್ಕೆ ಪ್ರೊಜೆಕ್ಟರ್ ಮೇಲಿನ ಬಟ್ಟೆ ತೆಗೆಯುತ್ತೇನೆ. ಏಳೂ ಹತ್ತಕ್ಕೆ ಎದುರು ಮನೆಯ ನೇಕಾರ ಹೆಣ್ಣುಮಗಳು ಮಗ್ಗ ನಿಲ್ಲಿಸಿ, ಕೈಕಾಲು ತೊಳೆದು, ತನ್ನ ಮಣೆ ತಾನೇ ಹಿಡಿದುಕೊಂಡು ಬರುತ್ತಾಳೆ. ಏಳೂಕಾಲಕ್ಕೆ ಬಾಗಿಲು ಹಾಕುತ್ತೇನೆ. ತಡವಾಗಿ ಬಂದವರಿಗೂ ಬಾಗಿಲು ತೆರೆಯುತ್ತೇನೆ, ಆದರೆ ಕಥೆ ಎಲ್ಲಿಯವರೆಗೆ ಬಂದಿದೆ ಎಂದು ಹೇಳುವುದಿಲ್ಲ.

ಇದನ್ನು ಕೆಲವರು ಜಬರದಸ್ತಿ ಎನ್ನುತ್ತಾರೆ. ಅನ್ನಲಿ. ಮೂವತ್ನಾಲ್ಕು ವರ್ಷ ನಾನು ಸರಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದವಳು. ಬಾದಾಮಿಯಲ್ಲಿ ಕೆಲವು ವರ್ಷ, ಹುನಗುಂದದಲ್ಲಿ ಕೆಲವು ವರ್ಷ, ಕೊನೆಗೆ ಇಲ್ಲಿ ಇಳಕಲ್ಲಿನಲ್ಲಿ. ಆರು ಗಂಟೆಯ ಗುಳಿಗೆಯನ್ನು ಆರೂಕಾಲಕ್ಕೆ ಕೊಟ್ಟರೆ ಏನಾದೀತು ಎಂದು ಕೇಳುವವರನ್ನು ನಾನು ವಾರ್ಡಿನ ಹತ್ತಿರ ಬಿಟ್ಟುಕೊಂಡವಳಲ್ಲ. ನಿವೃತ್ತಿಯಾದ ಮೇಲೂ ನನ್ನ ಗಡಿಯಾರ ನಿವೃತ್ತಿಯಾಗಲಿಲ್ಲ.

ನಮ್ಮ ಮನೆಯವರು ಸಿನೆಮಾ ಆಪರೇಟರ್ ಆಗಿದ್ದರು. ಹರೆಯದಲ್ಲಿ ಟೆಂಟ್ ಸಿನೆಮಾದ ಜೊತೆ ಗುಳೇದಗುಡ್ಡ, ಬಾದಾಮಿ, ಹುನಗುಂದ ಎಂದು ಊರೂರು ತಿರುಗಿದರು. ಆಮೇಲೆ ಇಳಕಲ್ಲಿನ ಒಂದು ಟಾಕೀಜಿನಲ್ಲಿ ನೆಲೆ ನಿಂತರು. ನಾನು ರಾತ್ರಿಪಾಳಿಗೆ ಹೊರಡುವ ಹೊತ್ತಿಗೆ ಅವರು ಎರಡನೇ ಆಟಕ್ಕೆ ಹೊರಡುತ್ತಿದ್ದರು. ಎಷ್ಟೋ ವರ್ಷ ನಮ್ಮ ಸಂಸಾರ ಬೀಗದ ಕೈಯನ್ನು ಒಬ್ಬರಿಂದ ಒಬ್ಬರು ಇಸಿದುಕೊಳ್ಳುವುದರಲ್ಲೇ ನಡೆಯಿತು. ಸಿನೆಮಾ ತೋರಿಸುವವರ ಹೆಂಡತಿಯಾಗಿಯೂ ನಾನು ಸಿನೆಮಾ ನೋಡಿದ್ದು ಕಡಿಮೆ. ಅವರಂತೂ ಒಂದನ್ನೂ ಪೂರ್ತಿ ನೋಡಿಲ್ಲ. ಕಥೆ ಏನೆಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದರು. ಕ್ಯಾಬಿನ್ನಿನ ಕಿಂಡಿಯಿಂದ ಅವರು ನೋಡುತ್ತಿದ್ದುದು ಅಕ್ಷರ ಚೂಪಾಗಿದೆಯೇ, ನಾಯಕಿಯ ರೆಪ್ಪೆಯ ಕೂದಲು ಒಂದೊಂದಾಗಿ ಕಾಣುತ್ತದೆಯೇ, ಅಷ್ಟೇ. ಟಾಕೀಜು ಮುಚ್ಚಿತು. ಈಗ ಅಲ್ಲಿ ಪಾಲಿಶ್ ಆದ ಗ್ರಾನೈಟ್ ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ನಮ್ಮವರು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಆ ಕೆಲಸವನ್ನೂ ಮರ್ಯಾದೆಯಿಂದ ಮಾಡಿದರು. ಆದರೆ ಯಾರಾದರೂ ನೀವೇನು ಮಾಡುತ್ತೀರಿ ಎಂದು ಕೇಳಿದರೆ ಅಂಗಡಿಯ ಹೆಸರು ಮಾತ್ರ ಹೇಳುತ್ತಿದ್ದರು.

ಒಂದು ಚಳಿಗಾಲದ ಬೆಳಿಗ್ಗೆ ಅವರಿಗೆ ಲಕ್ವಾ ಹೊಡೆಯಿತು. ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದರು, ಗೋಡೆ ಹಿಡಿತಕ್ಕೆ ಸಿಗಲಿಲ್ಲ. ಬಾಯಿ ಒಂದು ಬದಿಗೆ ಎಳೆದದ್ದು ಕಂಡ ಕೂಡಲೇ ನಾನು ಗಡಿಯಾರ ನೋಡಿದೆ. ಆ ಹೊತ್ತಿನಲ್ಲಿ ಗಡಿಯಾರ ನೋಡಿದಳಲ್ಲ ಎಂದು ಆಮೇಲೆ ನೆಂಟರ ಪೈಕಿ ಒಬ್ಬರು ಆಡಿಕೊಂಡರು. ಡಾಕ್ಟರು ಮೊದಲು ಕೇಳಿದ್ದು ಆ ಹೊತ್ತನ್ನೇ. ಜೀವ ಉಳಿಯಿತು. ಬಾಯಿ ನೆಟ್ಟಗಾಯಿತು. ಕಾಲು ಎರಡು ತಿಂಗಳಿಗೆ ನೆಲ ಕಂಡುಕೊಂಡಿತು. ಬಲಗೈ ಮಾತ್ರ ಬರಲಿಲ್ಲ.

ಬಾಗಲಕೋಟೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಮೊದಲ ಆರು ತಿಂಗಳಲ್ಲಿ ಕೈ ಬಂದಷ್ಟು ಬೇಗ ಆಮೇಲೆ ಬರುವುದಿಲ್ಲ, ನಿಮಗೆ ಗೊತ್ತೇ ಇದೆ ಸಿಸ್ಟರ್ ಎಂದರು. ನನಗೆ ಗೊತ್ತಿತ್ತು. ಆಗಲೇ ಮೂರು ತಿಂಗಳು ಕಳೆದಿತ್ತು. ಮೆತ್ತನೆಯ ಚೆಂಡು ಹಿಸುಕುವುದು, ತಟ್ಟೆಯಿಂದ ಹೆಸರುಕಾಳು ಹೆಕ್ಕುವುದು, ಬಾಟಲಿಯ ಮುಚ್ಚಳ ತಿರುಗಿಸುವುದು. ದಿನಕ್ಕೆ ನಾಲ್ಕು ಸಲ. ನಾನು ಹೊತ್ತು ಬರೆದು ಗೋಡೆಗೆ ಅಂಟಿಸಿದೆ. ಅವರು ಒಂದು ದಿನ ಮಾಡಿದರು. ಎರಡನೆಯ ದಿನ ತಟ್ಟೆಯನ್ನು ಎಡಗೈಯಿಂದ ದೂಡಿದರು.

"ನಾ ಏನ್ ಬಾಲವಾಡಿ ಹುಡುಗೇನ," ಎಂದರು.

ಅಂದಿನಿಂದ ಬಲಗೈ ಹೆಗಲ ಮೇಲಿನ ವಲ್ಲಿಬಟ್ಟೆಯ ಕೆಳಗೆ ಹೋಯಿತು. ಯಾರಾದರೂ ಬಂದರೆ ವಲ್ಲಿಯನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಆರೂವರೆಗೆ ಮೈ ಒರೆಸಿದ ಮೇಲೆ ಒಮ್ಮೆ ಅಂಗಿಯ ಗುಂಡಿ ನಾನೇ ಹಾಕುತ್ತಿದ್ದೆ. ಆಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಸಾವಿರ ರೋಗಿಗಳಿಗೆ ಗುಂಡಿ ಹಾಕಿದ ಕೈ ನನ್ನದು. ಯಾರೂ ಹಾಗೆ ಮುಖ ತಿರುಗಿಸಿಕೊಂಡದ್ದಿಲ್ಲ. ಮಾತು "ಹೂಂ," "ಬ್ಯಾಡ," ಇವೆರಡರಲ್ಲೇ ಮುಗಿಯುತ್ತಿತ್ತು. ಟಿವಿ ಹಚ್ಚಿದರೆ ಬೆನ್ನು ಮಾಡಿ ಮಲಗುತ್ತಿದ್ದರು.

ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗಿದ್ದೆವು. ನಮ್ಮ ಬೀದಿಬಾಗಿಲಿಗೆ ಹಳೆಯ ಚಿಲಕ ಕಿತ್ತ ಒಂದು ತೂತು ಇದೆ. ಅದರಿಂದ ಬಿಸಿಲು ಒಳಗೆ ಬಂದು ಎದುರಿನ ಗೋಡೆಯ ಮೇಲೆ ಅಂಗೈಯಗಲದ ಬೆಳಕು ಬಿದ್ದಿತ್ತು. ಬೀದಿಯಲ್ಲಿ ಯಾರೋ ಸೈಕಲ್ ಮೇಲೆ ಹೋದರು. ಗೋಡೆಯ ಮೇಲೆ ಆ ಸೈಕಲ್ ತಲೆಕೆಳಗಾಗಿ ಹೋಯಿತು. ನಾನು ಅವರ ಕಡೆ ನೋಡಿದೆ. ಎಚ್ಚರವಿದ್ದರು. ಕಣ್ಣು ಗೋಡೆಯ ಮೇಲಿತ್ತು.

"ಉಲ್ಟಾ ಬಿದ್ದೈತಿ," ಎಂದರು. ಕತ್ತು ಎತ್ತಿ ನೋಡಿ, "ಆದ್ರ ಚೂಪ್ ಐತಿ," ಎಂದರು.

ಅಂದು ಸಂಜೆ ಮಗಳು ಹುನಗುಂದದಿಂದ ಬಂದಳು. ಅವಳು ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮನೆಯ ಗೋಡೆಯ ಮೇಲೆ ಸಿನೆಮಾ ಬಿಡುವ ಯಂತ್ರ ಸಿಗುತ್ತದೆಯೇ ಎಂದು ಕೇಳಿದೆ. ಸಿಗುತ್ತದೆ, ಈಗ ಬಡವರ ಬೆಲೆಗೂ ಸಿಗುತ್ತದೆ, ಆದರೆ ಅಗ್ಗದ್ದು ಅಗ್ಗದ ಹಾಗೇ ಇರುತ್ತದೆ ಎಂದಳು. ನೋಡಿ ತರುತ್ತೇನೆ ಎಂದೆ. ಮೊಬೈಲಿನಲ್ಲೇ ತರಿಸಬಹುದಲ್ಲ ಎಂದಳು. ಉರಿಯುವುದನ್ನು ಕಣ್ಣಾರೆ ಕಾಣದೆ ನಾನು ಬಲ್ಬನ್ನೂ ಕೊಂಡವಳಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಹೋದೆ. ಎದುರು ಮನೆಯ ನೇಕಾರ ಹೆಣ್ಣುಮಗಳು ಮಧ್ಯಾಹ್ನದವರೆಗೆ ನಮ್ಮವರನ್ನು ನೋಡಿಕೊಳ್ಳಲು ಒಪ್ಪಿದಳು. ನವನಗರದ ಒಂದು ಅಂಗಡಿಗೆ ಆರು ಪ್ರಶ್ನೆ ಬರೆದ ಚೀಟಿ ಹಿಡಿದುಕೊಂಡು ಹೋದೆ. ಅಂಗಡಿಯ ತರುಣ ಒಳ್ಳೆಯವನೇ, ಆದರೆ ಮಾರುವವನು. ಇದು ಹಗಲಲ್ಲೂ ಕಾಣುತ್ತದೆ ಎಂದ. ಹಾಗಾದರೆ ಹಗಲಲ್ಲೇ ತೋರಿಸು ಎಂದೆ. ಗೋಡೆಯ ಮೇಲೆ ಬಿದ್ದದ್ದು ಹಾಲಿನಲ್ಲಿ ನೆನೆಸಿದ ಚಿತ್ರ. ಶಟರ್ ಅರ್ಧ ಇಳಿಸು ಎಂದೆ. ಆಗ ಬಣ್ಣ ಬಂತು. ಪೂರ್ತಿ ಇಳಿಸಿದ ಮೇಲೆ ಚಿತ್ರ ಚಿತ್ರವಾಯಿತು. ಡಬ್ಬದ ಮೇಲೆ ಬೆಳಕಿನ ಬಗ್ಗೆ ಬರೆದ ದೊಡ್ಡ ಅಂಕಿಯನ್ನು ತೋರಿಸಿ, ಇದು ಖರೆಯೇ ಎಂದು ಕೇಳಿದೆ. ತರುಣ ತಲೆ ಕೆರೆದುಕೊಂಡ. ಫ್ಯಾನಿನ ಸದ್ದು ಎಷ್ಟು, ಪೆನ್‌ಡ್ರೈವ್ ಎಲ್ಲಿ ಹಾಕುವುದು, ಎಷ್ಟು ದೂರ ಇಟ್ಟರೆ ಎಷ್ಟು ಅಗಲ ಬೀಳುತ್ತದೆ, ಎಲ್ಲ ಕೇಳಿ ಬರೆದುಕೊಂಡೆ. ಇನ್ನಷ್ಟು ಹಣ ಹಾಕಿದರೆ ತಾನೇ ಫೋಕಸ್ ಮಾಡಿಕೊಳ್ಳುವುದು ಬರುತ್ತದೆ, ಇದಕ್ಕಾದರೆ ಕೈಯಿಂದ ಉಂಗುರ ತಿರುಗಿಸಬೇಕು ಎಂದ. ಒಂದು ಉಂಗುರ ತಿರುಗಿಸಲು ನಮ್ಮ ಮನೆಯಲ್ಲಿ ಕೈಗಳಿಗೇನು ಬರವೇ ಎಂದು ಅಗ್ಗದ್ದನ್ನೇ ಕಟ್ಟಿಸಿದೆ. ಆಗ ನನ್ನ ತಲೆಯಲ್ಲಿ ಬೇರೆ ಯಾವ ದೊಡ್ಡ ಯೋಚನೆಯೂ ಇರಲಿಲ್ಲ, ಇಲ್ಲಿ ನಿಜ ಹೇಳಬೇಕು. ಚಿತ್ರ ಕಂಡರೆ ಮುಖ ಈ ಕಡೆ ತಿರುಗಬಹುದು ಎಂಬ ಆಸೆ, ಅಷ್ಟೇ. ಏನಾದರೂ ದೋಷ ಕಂಡರೆ ಏಳು ದಿನದೊಳಗೆ ಬದಲಿಸಿ ಕೊಡುತ್ತೇನೆ ಎಂದು ಬಿಲ್ಲಿನ ಹಿಂದೆ ಬರೆಸಿಕೊಂಡು ಬಂದೆ.

ಯಂತ್ರ ದೊಡ್ಡದೇನಲ್ಲ. ಊಟದ ಬುತ್ತಿಯಷ್ಟು. ಮುಂದೆ ಒಂದು ಕಣ್ಣು, ಬಲಬದಿಗೆ ಅಂಚಿನಲ್ಲಿ ಹಲ್ಲುಹಲ್ಲಾದ ಒಂದು ಉಂಗುರ. ನಮ್ಮ ಗೋಡೆಯ ಗಿಲಾವು ಉಬ್ಬುತಗ್ಗು, ಮೇಲೆ ನೀಲಿ ಸುಣ್ಣ. ಅದರ ಮೇಲೆ ಚಿತ್ರ ಬಿಟ್ಟರೆ ಎಲ್ಲರಿಗೂ ಮೈಲಿ ಎದ್ದ ಹಾಗೆ ಕಾಣುತ್ತಿತ್ತು. ಅಟ್ಟದ ಮೇಲಿದ್ದ ಹಳೆಯ ಮಂಚದ ಚೌಕಟ್ಟು ಇಳಿಸಿದೆ, ಅದಕ್ಕೆ ಬಿಳಿ ಹಾಸಿಗೆವಸ್ತ್ರ ಕಟ್ಟಿದೆ. ವಾರ್ಡಿನ ಹಾಸಿಗೆಗೆ ಹೇಗೆ ಮೂಲೆ ಮಡಚುತ್ತೇವೋ ಹಾಗೇ ನಾಲ್ಕೂ ಮೂಲೆ ಮಡಚಿ, ಒಳಗೆ ಸೇರಿಸಿ, ಎಳೆದು ಮೊಳೆ ಹೊಡೆದೆ. ತರಬೇತಿಯಲ್ಲಿ ನಮ್ಮ ಮೇಟ್ರನ್ ಹಾಸಿಗೆಯ ಮೇಲೆ ನಾಣ್ಯ ಬೀಳಿಸಿ ನೋಡುತ್ತಿದ್ದರು. ನಾಣ್ಯ ಪುಟಿಯದಿದ್ದರೆ ಪೂರ್ತಿ ಬಿಚ್ಚಿ ಮತ್ತೆ ಹಾಸಬೇಕು. ನಾನೂ ಚೌಕಟ್ಟನ್ನು ನೆಲಕ್ಕೆ ಮಲಗಿಸಿ ಒಂದು ರೂಪಾಯಿ ಬೀಳಿಸಿದೆ. ಪುಟಿಯಿತು.

ಯಂತ್ರವನ್ನು ಅವರ ಕುರ್ಚಿಯ ಬಲಕ್ಕೆ ಸ್ಟೂಲಿನ ಮೇಲೆ ಇಟ್ಟೆ. ಪ್ಲಗ್ಗು ಇದ್ದದ್ದು ಆ ಬದಿಗೆ. ಮಗಳು ಪೆನ್‌ಡ್ರೈವಿನಲ್ಲಿ ಒಂದು ಹಳೆಯ ಕಪ್ಪು ಬಿಳುಪು ಚಿತ್ರ ತುಂಬಿಕೊಟ್ಟಿದ್ದಳು. ದೀಪ ಆರಿಸಿದೆವು. ಬೆಳಕು ಬಟ್ಟೆಯ ಮೇಲೆ ಬಿತ್ತು. ಅವರು ತೆರೆಯ ನಾಲ್ಕೂ ಮೂಲೆಯನ್ನು ಒಂದೊಂದಾಗಿ ನೋಡಿದರು. ಆಮೇಲೆ, "ತೆರೆ ಯಾರ್ ಕಟ್ಟಿದ್ದು," ಎಂದರು.

"ನಾನ."

"ಸುಕ್ಕಿಲ್ಲ," ಎಂದರು.

ನನ್ನ ನೌಕರಿಯಲ್ಲಿ ನನಗೆ ಎರಡು ಸಲ ಶಾಲು ಹೊದಿಸಿದ್ದಾರೆ. ಆ ಎರಡನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಇದನ್ನು ಇನ್ನೊಂದರಲ್ಲಿಟ್ಟರೆ ತಕ್ಕಡಿ ಯಾವ ಕಡೆ ವಾಲುತ್ತದೆಂದು ನನಗೆ ಗೊತ್ತು.

ಆದರೆ ಇಪ್ಪತ್ತು ನಿಮಿಷಕ್ಕೆ ಚಿತ್ರ ಮಸುಕಾಯಿತು. ಉಂಗುರ ತಿರುಗಿಸಿ ಸರಿ ಮಾಡಿದೆ. ಮತ್ತೆ ಇಪ್ಪತ್ತು ನಿಮಿಷಕ್ಕೆ ಅದೇ. ಎರಡನೆಯ ದಿನವೂ ಅದೇ. ಯಂತ್ರ ಕಾದ ಹಾಗೆ ಫೋಕಸ್ ಜಾರುತ್ತದೆಂದು ನನಗೆ ಆಗ ತಿಳಿದಿರಲಿಲ್ಲ. ನನ್ನ ಮಟ್ಟಿಗೆ ಯಾವುದೇ ಗಾಜು ಮಸುಕಾದರೆ ಕಾರಣ ಒಂದೇ: ಹೊಲಸು. ಮೂರನೆಯ ದಿನ ಸಂಜೆ, ಥರ್ಮಾಮೀಟರ್ ಒರೆಸುವ ಹಾಗೆ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅದರ ಕಣ್ಣನ್ನು ದುಂಡಗೆ ಒರೆಸತೊಡಗಿದೆ. ಹಿಂದಿನಿಂದ ಕುರ್ಚಿ ಕಿರ್ರೆಂದಿತು.

"ಏ, ಏನ್ ಮಾಡಾಕತ್ತಿ ಅದಕ," ಎಂದರು. "ನಿನಗ ಬುದ್ಧಿ ಐತೇನ. ಕಣ್ಣಾಗ ಯಾರರ ಸ್ಪಿರಿಟ್ ಹಾಕ್ತಾರನ. ನಮ್ಮ ಕ್ಯಾಬಿನ್ನಿನ್ಯಾಗ ಲೆನ್ಸ್ ಮುಟ್ಟಾಕ ಮಾಲಕಗೂ ಪರವಾನಗಿ ಇದ್ದಿಲ್ಲ. ಏಳ್ ಸಲ ಒಗದ ಮಲ್‌ಮಲ್ ಅರಿಬಿ ಇರ್ತಿತ್ತು, ಅದೂ ನನ್ನ ಕೈಯಾಗ."

ನಾನು ಹತ್ತಿ ಹಿಡಿದುಕೊಂಡು ನಿಂತೇ ಇದ್ದೆ. ಡಾಕ್ಟರರಿಂದ, ಮೇಟ್ರನ್‌ಗಳಿಂದ, ರೋಗಿಗಳ ನೆಂಟರಿಂದ ಬೈಸಿಕೊಂಡಿದ್ದೇನೆ. ಯಾವ ಬೈಗುಳವೂ ನನಗೆ ಇಷ್ಟು ಚೆನ್ನಾಗಿ ಕೇಳಿಸಿರಲಿಲ್ಲ. ಮೂರು ತಿಂಗಳ ಮೇಲೆ ಅದು ಅವರ ಮೊದಲ ಉದ್ದನೆಯ ಮಾತು. ಬಸ್ಸಿಳಿದು ಬಂದ ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅವ್ವಾ, ಇಂಜೆಕ್ಷನ್ನೂ ಕೊಡಾಕ ಹೊಂಟಿದ್ದೇನ ಅದಕ," ಎಂದಳು.

ಲೆನ್ಸು ಗಾಜಿನದಲ್ಲ, ಪ್ಲಾಸ್ಟಿಕ್ಕಿನದು. ಸ್ಪಿರಿಟ್ ತಗುಲಿದ ಕಡೆ ಬೆಳ್ಳಗಾಯಿತು. ಚಿತ್ರದ ಒಂದು ಮೂಲೆಗೆ ಮಂಜು ಕವಿದ ಹಾಗಾಯಿತು. ಅಂಗಡಿಗೆ ಫೋನು ಮಾಡಿದೆ. ಫೋಕಸ್ ಜಾರುವುದಕ್ಕೆ ಬೇರೆ ಯಂತ್ರ ಕೊಡುತ್ತಿದ್ದೆ, ಆದರೆ ಲೆನ್ಸಿಗೆ ಸ್ಪಿರಿಟ್ ಹಚ್ಚಿದ್ದನ್ನು ಯಾರೂ ವಾಪಸು ತಗೊಳ್ಳುವುದಿಲ್ಲ ಅಮ್ಮಾ ಎಂದ ಆ ತರುಣ. ನ್ಯಾಯವಾದ ಮಾತು. ತಪ್ಪು ನನ್ನದು. ಚಾರ್ಟಿನಲ್ಲಿ ತಪ್ಪು ಬರೆದರೆ ಒಂದು ಗೆರೆ ಎಳೆದು ಸಹಿ ಹಾಕಬೇಕು, ಅಳಿಸಬಾರದು. ಆ ಮಂಜಿನ ಮೂಲೆ ನನ್ನ ಸಹಿ. ಅದನ್ನು ಇವತ್ತೂ ನೋಡುತ್ತೇನೆ.

ಹೀಗೆ ಫೋಕಸ್ ಜಾರುವ ಯಂತ್ರವೇ ನಮ್ಮ ಪಾಲಿಗೆ ಉಳಿಯಿತು.

ಮರುದಿನ ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಆಗಿನ್ನೂ ಆಟದ ಹೊತ್ತು ಗಟ್ಟಿಯಾಗಿರಲಿಲ್ಲ, ರೊಟ್ಟಿಯ ನಡುವೆಯೇ ಹಚ್ಚಿಕೊಟ್ಟು ಬರುತ್ತಿದ್ದೆ. ಚಿತ್ರ ಮಸುಕಾಗಿರಬೇಕು, "ಫೋಕಸ್ ಹೋತು," ಎಂದು ಕೂಗಿದರು. ಕೈ ಹಿಟ್ಟಾಗಿದೆ, ತಡೆಯಿರಿ ಎಂದೆ. ಇನ್ನೊಮ್ಮೆ ಕೂಗಿದರು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಮೂರನೆಯ ಸಲ ಕೂಗು ಬರಲಿಲ್ಲ. ಕೈ ತೊಳೆದು ಬಂದರೆ ಚಿತ್ರ ಚೂಪಾಗಿತ್ತು. ಮಗಳ ಬಸ್ಸು ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ನಾನು ಏನೂ ಕೇಳಲಿಲ್ಲ. ವಾರ್ಡಿನಲ್ಲಿ ಕಲಿತದ್ದು ಇದು: ರೋಗಿ ತಾನಾಗಿ ಎದ್ದು ಕೂತರೆ ಆಹಾ ಎನ್ನಬಾರದು, ನಾಚಿಕೊಂಡು ಮತ್ತೆ ಮಲಗುತ್ತಾನೆ.

ಅದರ ಮರುದಿನ ರೊಟ್ಟಿ ಬೇಗ ಮುಗಿಸಿ, ಅವರಿಗೆ ಸದ್ದು ಕೇಳಲೆಂದು ರೊಟ್ಟಿ ಬಡಿಯುವ ಬರೀ ಕೊಣಮಿಗೆಯ ಮೇಲೆ ಕೈ ಬಡಿಯುತ್ತ, ಅಡಿಗೆಮನೆಯ ಬಾಗಿಲಿನಿಂದ ಇಣುಕಿದೆ. ತೆರೆಯ ಮೇಲಿನ ಮುಖಗಳು ಹಿಗ್ಗಿ ಹತ್ತಿಯಂತಾಗಿದ್ದವು. ಅವರು ಮೊದಲು ಎಡಗೈಯನ್ನು ಮೈಮೇಲಿಂದ ಹಾಯಿಸಿ ಉಂಗುರ ಹಿಡಿದರು. ತಿರುಗಿಸಿದರು. ಚಿತ್ರ ಸರಿಯಾದ ಜಾಗ ದಾಟಿ ಆಚೆ ಹೋಯಿತು. ಹಿಂದಕ್ಕೆ ತಂದರು, ಈಚೆ ಬಂತು. ಎಡಗೈಗೆ ಆ ಕೂದಲೆಳೆಯ ಜಾಗ ಸಿಗಲಿಲ್ಲ. ಹಲ್ಲು ಕಚ್ಚಿದರು. ಆಮೇಲೆ ವಲ್ಲಿ ಸರಿಸಿದರು. ಎಡಗೈಯಿಂದ ಬಲಗೈಯನ್ನು ಎತ್ತಿ, ಗೋಡೆಯ ಮಾಡದಲ್ಲಿ ಚಿಮಣಿದೀಪ ಇಡುವ ಹಾಗೆ, ಮೆಲ್ಲಗೆ ಉಂಗುರದ ಮೇಲೆ ಇಟ್ಟರು. ಬೆರಳು ಮಡಚಿರಲಿಲ್ಲ, ಅಂಗೈಯ ಬುಡ ಮಾತ್ರ ಹಲ್ಲಿಗೆ ತಾಗಿತ್ತು. ಹೆಗಲಿನಿಂದ ಒತ್ತಿದರು. ಉಂಗುರ ಒಂದು ಹಲ್ಲಿನಷ್ಟು ಸರಿಯಿತು. ಇನ್ನೊಂದು. ನಾಯಕಿಯ ರೆಪ್ಪೆ ಒಂದೊಂದೇ ಕೂದಲಾಗಿ ಬಿಡಿಸಿಕೊಂಡಿತು. ಅಲ್ಲಿಗೆ ಕೈ ನಿಂತಿತು. ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿತ್ತು.

ನಾನು ಬರೀ ಕೊಣಮಿಗೆ ಬಡಿಯುತ್ತಲೇ ಇದ್ದೆ. ಕಣ್ಣು ಒರೆಸಿಕೊಳ್ಳಲು ಪುರಸೊತ್ತು ತೆಗೆದುಕೊಂಡೆ, ಆದರೆ ಹೆಚ್ಚು ತೆಗೆದುಕೊಳ್ಳಲಿಲ್ಲ. ಕೆಲಸವಿತ್ತು.

ಗೋಡೆಯ ಮೇಲಿನ ವ್ಯಾಯಾಮದ ಚೀಟಿ ಕಿತ್ತೆ. ಒಂದು ನೋಟುಬುಕ್ಕಿನಲ್ಲಿ, ಜ್ವರದ ಚಾರ್ಟಿನ ಹಾಗೆ, ಗೆರೆ ಹಾಕಿದೆ: ಹೊತ್ತು, ಯಾವ ಕೈ, ಎಷ್ಟು ಆಸರೆ, ಎಷ್ಟು ಹೊತ್ತು ಹಿಡಿಯಿತು. ಆಟದ ಹೊತ್ತು ಏಳೂಕಾಲಕ್ಕೆ ಗಟ್ಟಿಯಾದದ್ದು ಅಂದಿನಿಂದ. ಬೆಳಿಗ್ಗೆ ಹತ್ತಕ್ಕೆ ಕಿಟಕಿಗೆ ಕಂಬಳಿ ಕಟ್ಟಿ ಇನ್ನೊಂದು ಆಟವನ್ನೂ ಇಟ್ಟೆ. ಇಪ್ಪತ್ತು ನಿಮಿಷಕ್ಕೊಂದು ಸಲ ಯಂತ್ರ ತಾನೇ ಮಸುಕಾಗುತ್ತಿತ್ತು. ಅಂದರೆ ಒಂದು ಆಟಕ್ಕೆ ಆರೇಳು ಸಲ. ಸಾಲದು ಅನ್ನಿಸಿತು. ನೀರು ಕೊಡುವ ನೆಪದಲ್ಲಿ, ಧೂಳು ಒರೆಸುವ ನೆಪದಲ್ಲಿ, ಮೊಣಕೈಯಿಂದ ಉಂಗುರವನ್ನು ಒಂದು ಹಲ್ಲು ಸರಿಸಿಬಿಡುತ್ತಿದ್ದೆ. ಆಮೇಲೆ ಕೆಲಸವಿದೆ ಎಂದು ಒಳಗೆ ಹೋಗುತ್ತಿದ್ದೆ.

ಎರಡನೆಯ ವಾರದಿಂದ ಎದುರು ಮನೆಯ ನೇಕಾರ ಹೆಣ್ಣುಮಗಳು ಬರತೊಡಗಿದಳು. ಅವಳಿಗೂ ಅರವತ್ತು ಹತ್ತಿರ. ಹುಡುಗಿಯಾಗಿದ್ದಾಗ ಅದೇ ಟಾಕೀಜಿನ ಹೆಂಗಸರ ಬೆಂಚಿನಲ್ಲಿ ಕೂತು ಬೆಳೆದವಳು. ಮೊದಲ ದಿನ ಚಿತ್ರ ಮಸುಕಾದಾಗ ನಾನು ಸನ್ನೆ ಮಾಡಿ ಸುಮ್ಮನಿರಲು ಹೇಳಿದೆ. ಅವಳು ನನ್ನ ಸನ್ನೆ ನೋಡಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ಓಣಿಯ ನಾಯಿ ಬೊಗಳಿತು.

"ಏ ಆಪರೇಟರ್, ಫೋಕಸ್," ಎಂದಳು. ಟಾಕೀಜಿನಲ್ಲಿ ಮಂದಿ ಕೂಗುತ್ತಿದ್ದುದು ಹಾಗೆಯೇ.

ಬೇರೆಯವರ ಎದುರು ಅವರು ಆ ಕೈಯನ್ನು ಹೊರಗೆ ತೆಗೆದದ್ದೇ ಇರಲಿಲ್ಲ. ಅವಳ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ವಲ್ಲಿ ಸರಿಯಿತು.

"ತಡಿಯವಾ," ಎಂದರು. "ಟಿಕೀಟ್ ತಗೊಂಡಾರಂಗ ಒದರಾಕತ್ತೀಯಲ್ಲ."

"ನಿಮ್ಮ ಆಟಕ್ಕ ರೊಕ್ಕ ಕೊಟ್ಟ ಕೊಟ್ಟ ನಾ ಬಡವಿ ಆಗೀನಿ ಕಾಕಾ. ಇವತ್ತೊಂದಿನ ಪುಗಸಟ್ಟೆ ತೋರಸ್ರಿ," ಎಂದಳು.

ಅವರು ಎಡಗೈಯ ಆಸರೆ ತೆಗೆದುಕೊಂಡೇ ತಿರುಗಿಸಿದರು. ಬಹಳ ಹೊತ್ತು ಹಿಡಿಯಿತು. ಅವಳು ಸೋಜಿಗ ಪಡಲಿಲ್ಲ, ಪಾಪ ಎನ್ನಲಿಲ್ಲ, ಕಾಯುತ್ತ ಇನ್ನೊಮ್ಮೆ ಸಿಳ್ಳೆ ಹಾಕಿದಳು. ಚಿತ್ರ ಸರಿಯಾದಾಗ, "ಹಾಂ, ಈಗ ಬಂತ," ಎಂದು ಮಣೆಯನ್ನು ಒಂದು ಗೇಣು ಮುಂದೆ ಎಳೆದುಕೊಂಡಳು. ನರ್ಸಿಂಗ್ ತರಬೇತಿಯಲ್ಲಿ ಇದನ್ನು ನಮಗೆ ಕಲಿಸಿರಲಿಲ್ಲ.

ನೋಟುಬುಕ್ಕಿನ ಪ್ರಕಾರ ಮೂರನೆಯ ವಾರದ ಕೊನೆಗೆ ಎಡಗೈಯ ಆಸರೆ ಬಿಟ್ಟಿತು. ಐದನೆಯ ವಾರ ಹೆಬ್ಬೆರಳು ಹಲ್ಲನ್ನು ಹುಡುಕಿಕೊಂಡಿತು. ಏಳನೆಯ ವಾರ ಹೆಬ್ಬೆರಳಿನ ಜೊತೆಗೆ ತೋರುಬೆರಳು ಕೂಡಿತು. ನಡುವೆ ಜ್ವರ ಬಂದ ನಾಲ್ಕು ದಿನ ಆಟ ನಿಂತಿತು, ಕೈ ಮತ್ತೆ ಎರಡು ವಾರ ಹಿಂದಕ್ಕೆ ಹೋಯಿತು. ಆ ನಾಲ್ಕು ದಿನದ ಚೌಕಗಳನ್ನು ಖಾಲಿ ಬಿಟ್ಟಿದ್ದೇನೆ. ಅವು ನನಗೆ ಹಿಡಿಸಿಲ್ಲ, ಆದರೆ ತುಂಬಿಸಲು ಬರುವುದಿಲ್ಲ.

ಒಂದು ಸಂಜೆ ಸ್ಟೂಲು ಒರೆಸುತ್ತ ಎಂದಿನಂತೆ ಮೊಣಕೈ ತಾಗಿಸಿ ತಿರುಗಿದೆ.

"ಈ ಮಿಷನ್ ಇಷ್ಟ್ ಸಲ ಕೆಡೂದಿಲ್ಲ," ಎಂದರು ಹಿಂದಿನಿಂದ. "ನೀ ಮುಟ್ಟತಿ."

ನಾನು ಒರೆಸುವ ಬಟ್ಟೆಯನ್ನು ಮಡಚಿದೆ.

"ಇಪ್ಪತ್ ನಿಮಿಷಕ್ಕ ಒಮ್ಮಿ ಅದು. ನಡುವ ಮೂರ್ ಸಲ ನೀ. ಮೊದಲನೇ ವಾರದಿಂದ ಎಣಸೇನಿ."

ಮೂವತ್ನಾಲ್ಕು ವರ್ಷ ರೋಗಿಗಳಿಗೆ ತಿಳಿಯದಂತೆ ಕಹಿ ಔಷಧ ಕುಡಿಸಿದವಳು ನಾನು. ಸಿಕ್ಕಿಬಿದ್ದದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡು, "ಬ್ಯಾಡ ಅಂದ್ರ ಬಿಡ್ತೇನಿ," ಎಂದೆ.

"ಮುಟ್ಟು," ಎಂದರು. "ಸ್ಪಿರಿಟ್ ಒಂದ್ ಹಚ್ಚಬ್ಯಾಡ."

ಆ ದಿನ ನೋಟುಬುಕ್ಕಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಹೊತ್ತು ಮಾತ್ರ ಬರೆದೆ. ಏಳೂ ನಲವತ್ತೆರಡು.

ಮಗಳು ಇದೆಲ್ಲ ನೋಡುತ್ತಿದ್ದಳು, ಆದರೆ ಅವಳಿಗೆ ಆ ಮಂಜಿನ ಮೂಲೆ ಸಹಿಸಲಾಗುತ್ತಿರಲಿಲ್ಲ. ಹಬ್ಬಕ್ಕೆ ಒಳ್ಳೆಯದೊಂದು ತರುತ್ತೇನೆ, ತಾನೇ ಫೋಕಸ್ ಮಾಡಿಕೊಳ್ಳುವುದು, ಸದ್ದೂ ಇರುವುದಿಲ್ಲ ಎಂದಳು. ಬೇಡ ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು. ನಮ್ಮ ಸಂಸಾರದಲ್ಲಿ ನಾವು ಒಟ್ಟಿಗೆ ಒಂದೇ ಮಾತು ಹೇಳಿದ್ದು ಅಪರೂಪ, ಅದಕ್ಕೆ ಅವಳು ತಿರುಗಿ ಕೇಳಲಿಲ್ಲ. ಆ ದುಡ್ಡಿನಲ್ಲಿ ಎರಡು ಒಳ್ಳೆಯ ಕುರ್ಚಿ ತಂದಳು. ನೇಕಾರ ಹೆಣ್ಣುಮಗಳು ಈಗಲೂ ತನ್ನ ಮಣೆಯ ಮೇಲೆಯೇ ಕೂರುತ್ತಾಳೆ. ಕುರ್ಚಿಯಲ್ಲಿ ಕೂತರೆ ಸಿಳ್ಳೆ ಸರಿಯಾಗಿ ಬರುವುದಿಲ್ಲವಂತೆ.

ಆರು ತಿಂಗಳು ತುಂಬುವ ವಾರ ಬಾಗಲಕೋಟೆಗೆ ತಪಾಸಣೆಗೆ ಹೋದೆವು. ಡಾಕ್ಟರಮ್ಮ ಬಾಟಲಿ ಕೊಟ್ಟರು. ನಮ್ಮವರು ಮುಚ್ಚಳವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ನಿಧಾನವಾಗಿ, ಪೂರ್ತಿ ತೆಗೆದು ಮೇಜಿನ ಮೇಲೆ ಇಟ್ಟರು. ಉಳಿದ ಮೂರು ಬೆರಳು ಇನ್ನೂ ಸೋಮಾರಿಗಳು. ಮೇಲಕ್ಕೆತ್ತಿದರೆ ತೋಳು ನಡುಗುತ್ತದೆ. ಅದನ್ನೂ ಡಾಕ್ಟರಮ್ಮ ಹೇಳಿದರು, ನಾನೂ ಬರೆದುಕೊಂಡೆ. ಆದರೆ ಈ ಎರಡು ಬೆರಳಿನ ಹಿಡಿತ ಎಲ್ಲಿಂದ ಬಂತು, ಕಾಳು ಹೆಕ್ಕಿಸಿದಿರಾ ಎಂದು ನನ್ನನ್ನು ಕೇಳಿದರು. ನೋಟುಬುಕ್ಕು ನನ್ನ ಚೀಲದಲ್ಲೇ ಇತ್ತು. ತೆಗೆಯಲು ಕೈ ಹಾಕಿದೆ. ಅಷ್ಟರಲ್ಲಿ ನಮ್ಮವರೇ ಹೇಳಿದರು.

"ನಾ ಆಪರೇಟರ್ ಅದೀನ್ರಿ. ದಿನಾ ಎರಡ್ ಆಟ ಇರ್ತಾವ."

ನಾನು ಚೀಲದ ಬಾಯಿ ಮುಚ್ಚಿದೆ. ಹಿಂದಿರುಗುವಾಗ ಹುನಗುಂದದಲ್ಲಿ ಬಸ್ಸು ನಿಂತಾಗ ಚಹಾ ತರಿಸಿದೆ. ಏಳೂಕಾಲಕ್ಕೆ ಮನೆ ಸೇರುತ್ತೇವೆಯೇ ಎಂದು ಅವರು ಎರಡು ಸಲ ಕೇಳಿದರು. ನಾನು ಅದಕ್ಕೆ ತಕ್ಕ ಬಸ್ಸನ್ನೇ ಹಿಡಿದಿದ್ದೆ.

ಇದಾಗಿ ಕೆಲವು ದಿನಗಳ ಮಾತು. ಆರೂವರೆಗೆ ಎಂದಿನಂತೆ ಅಂಗಿಯ ಗುಂಡಿ ಹಾಕಲು ಕೋಣೆಗೆ ಹೋದೆ. ಅವರು ಆಗಲೇ ಅಂಗಿ ತೊಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು. ಹಣೆಯ ಮೇಲೆ ಬೆವರಿತ್ತು. ವಲ್ಲಿ ಗೂಟದ ಮೇಲೆ ತೂಗುತ್ತಿತ್ತು. ನಾಲ್ಕು ಗುಂಡಿ ಹಾಕಿಯಾಗಿತ್ತು, ಐದನೆಯದಕ್ಕೆ ಕಾಜ ಉಳಿದಿರಲಿಲ್ಲ. ಎಷ್ಟು ಹೊತ್ತಿನಿಂದ ಕೂತು ಹಾಕಿದ್ದರೋ. ಮೇಲಿನ ಒಂದು ಕಾಜ ಖಾಲಿ ಬಿಟ್ಟಿದ್ದರು, ಅದರಿಂದ ಮೊದಲ ಗುಂಡಿ ಎರಡನೆಯ ಕಾಜದಲ್ಲಿ, ಎರಡನೆಯದು ಮೂರನೆಯದರಲ್ಲಿ, ಹೀಗೆ ಕೊನೆಯವರೆಗೂ. ಅಂಗಿಯ ಒಂದು ಅಂಚು ಕೆಳಗೆ, ಒಂದು ಅಂಚು ಮೇಲೆ.

ಸೊಟ್ಟ ಗುಂಡಿಯ ರೋಗಿಯನ್ನು ನಾನು ಯಾವತ್ತೂ ವಾರ್ಡಿನ ಬಾಗಿಲು ದಾಟಲು ಬಿಟ್ಟವಳಲ್ಲ. ಕೈ ತಾನಾಗಿ ಮುಂದೆ ಹೋಯಿತು. ಅವರು ಈ ಸಲ ಮುಖ ತಿರುಗಿಸಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನಾನು ಕೈಯನ್ನು ಹಿಂದಕ್ಕೆ ತಂದು, ಗೂಟದಿಂದ ವಲ್ಲಿ ತೆಗೆದು, ಮಡಚಿ, ಪೆಟ್ಟಿಗೆಯಲ್ಲಿ ಇಟ್ಟೆ.

"ನಡೀರಿ," ಎಂದೆ. "ಮಂದಿ ಬರೂ ಹೊತ್ತಾತು."

ಅವರು ಎದ್ದು ತಮ್ಮ ಕುರ್ಚಿಗೆ ನಡೆದರು. ಏಳೂ ಹತ್ತಕ್ಕೆ ಮಣೆ ಹಿಡಿದುಕೊಂಡು ಬಂದ ನೇಕಾರ ಹೆಣ್ಣುಮಗಳು, ಜೀವನವಿಡೀ ಎಳೆ ನೆಟ್ಟಗಿದೆಯೇ ಎಂದು ನೋಡಿದವಳು, ಅಂಗಿಯ ಅಂಚನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಮಣೆ ಹಾಕಿಕೊಂಡು ತೆರೆಯ ಕಡೆ ತಿರುಗಿ ಕೂತಳು. ನಾನು ಏಳೂಕಾಲಕ್ಕೆ ಬಾಗಿಲು ಹಾಕಿದೆ.